ಗೂಢಚಾರನ ಪಿಸ್ತೂಲು ಮತ್ತು ಹಿಟ್ಟಿನ ಹುಂಜ

ವಿಡಿಯೋ ಆಟದಲ್ಲಿ ಗುಂಡು ಹಾರಿಸಿ ಕೊಲ್ಲುವುದು ಹಿಂಸೆಯಲ್ಲ, ಏಕೆಂದರೆ ಅಲ್ಲಿ ಸಾಯುವ ಜೀವವೇ ಇಲ್ಲ ಎಂಬ ಮಾತನ್ನು ಇಂದು ನಮ್ಮ ಸಮಾಜದ ವಿದ್ಯಾವಂತರೇ ನಿಸ್ಸಂಕೋಚವಾಗಿ ಆಡುತ್ತಿದ್ದಾರೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಬಳಿಕ ಊಟ ಮಾಡದ, ಗೆಡ್ಡೆಗೆಣಸನ್ನು ಅಡುಗೆಮನೆಯೊಳಗೆ ಸೇರಿಸದ ಕುಟುಂಬಗಳಲ್ಲಿಯೂ ಮಕ್ಕಳು ಮೊಬೈಲು ಹಿಡಿದು ಶತ್ರುಗಳನ್ನು ಎಣಿಸಿ ಎಣಿಸಿ ಕೊಲ್ಲುತ್ತಿರುತ್ತಾರೆ. ಹಿರಿಯರು ಅದೇ ಕೋಣೆಯಲ್ಲಿ ಜಪಮಾಲೆ ಹಿಡಿದು ಕುಳಿತಿರುತ್ತಾರೆ. ಕೇಳಿದರೆ "ಬರೀ ಆಟ, ಬಿಡಿ" ಎಂಬ ಉತ್ತರ ಬರುತ್ತದೆ. ಈ ಉತ್ತರವು ತರ್ಕಕ್ಕೂ ನಿಲ್ಲದು, ನಮ್ಮ ಶಾಸ್ತ್ರಕ್ಕೂ ಒಪ್ಪದು. ಎಂಟುನೂರು ವರ್ಷಗಳ ಹಿಂದೆಯೇ ಕನ್ನಡದ ಒಬ್ಬ ಜೈನ ಕವಿಯ ಕಾವ್ಯದಲ್ಲಿ ಇದಕ್ಕೆ ಪ್ರತ್ಯುತ್ತರ ದೊರೆತಿದೆ ಎಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಪಷ್ಟನೆ. ಇಂಥ ಆಟಗಳನ್ನು ಆಡಿದವರೆಲ್ಲ ನಾಳೆ ಬೀದಿಗಿಳಿದು ಕೊಲೆಗಾರರಾಗುತ್ತಾರೆ ಎಂದು ನಾನು ವಾದಿಸುವುದಿಲ್ಲ. ಆ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ, ಅವರಲ್ಲಿ ಒಮ್ಮತವಿಲ್ಲ. ಕೋಟ್ಯಂತರ ಜನ ಆಡುತ್ತಾರೆ. ಅವರಲ್ಲಿ ಬಹುಪಾಲು ಜನ ಒಂದು ಇರುವೆಯನ್ನೂ ಬೇಕೆಂದು ತುಳಿಯುವವರಲ್ಲ. ಆದರೆ ಆಟಗಾರನು ನಾಳೆ ಏನು ಮಾಡುವನು ಎಂಬುದು ಪೋಲೀಸರ ಪ್ರಶ್ನೆ. ಆಡುತ್ತಿರುವ ಕ್ಷಣದಲ್ಲಿ ಅವನ ಆತ್ಮಪರಿಣಾಮ ಎಂಥದು ಎಂಬುದು ಧರ್ಮದ ಪ್ರಶ್ನೆ. ನಾನು ಕೇಳುತ್ತಿರುವುದು ಈ ಎರಡನೆಯದನ್ನು.

ವಿಚಾರ ಗಾಳಿಯಲ್ಲಿ ತೇಲದಿರಲೆಂದು ಒಂದು ನಿಶ್ಚಿತ ಆಟವನ್ನೇ ತೆಗೆದುಕೊಳ್ಳೋಣ. ಅದರ ಹೆಸರು 'ಗೋಲ್ಡನ್‌ಐ 007'. ಜೇಮ್ಸ್ ಬಾಂಡ್ ಎಂಬ ಬ್ರಿಟಿಷ್ ಗೂಢಚಾರನ ಕಥೆಯುಳ್ಳ, 1995ರಲ್ಲಿ ತೆರೆಕಂಡ ಚಲನಚಿತ್ರವೊಂದನ್ನು ಆಧರಿಸಿ, ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಎಂಬ ಸಂಸ್ಥೆ ಇದನ್ನು ತಯಾರಿಸಿತು. ಮಾರ್ಟಿನ್ ಹಾಲಿಸ್ ಎಂಬುವರು ಅದರ ನಿರ್ದೇಶಕರು. ಅವರದು ಚಿಕ್ಕ ತಂಡ, ಅದರಲ್ಲಿ ಬಹುತೇಕರಿಗೆ ಅದೇ ಮೊದಲ ಆಟ. ಜಪಾನಿನ ನಿಂಟೆಂಡೊ ಸಂಸ್ಥೆಯ 'ನಿಂಟೆಂಡೊ 64' ಯಂತ್ರಕ್ಕಾಗಿ 1997ರ ಆಗಸ್ಟ್ 25ರಂದು ಅಮೆರಿಕದ ಮಾರುಕಟ್ಟೆಗೆ ಬಂತು. ಅದೇ ತಿಂಗಳ 15ರಂದು ದಾವಣಗೆರೆ ಜಿಲ್ಲೆ ಉದಯವಾಗಿ ನಮ್ಮ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಅದಕ್ಕೆ ಸೇರಿದ್ದರಿಂದ, ಕಾಲದ ಅಳತೆ ನಮ್ಮವರಿಗೆ ಸುಲಭವಾಗಿ ಸಿಕ್ಕೀತು. ಆ ಆಟದ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಂಥ ಆಟಗಳಲ್ಲಿ ಅದು ಮೊದಲನೆಯದಲ್ಲ. 1993ರ 'ಡೂಮ್' ಮುಂತಾದವು ಅದಕ್ಕಿಂತ ಹಳೆಯವು. ಆದರೆ ಕಣ್ಣು ತಪ್ಪಿಸಿ ನುಸುಳುವುದು, ಸದ್ದಿಲ್ಲದ ಪಿಸ್ತೂಲಿನಿಂದ ಕಾವಲುಗಾರನನ್ನು ಕೆಡಹುವುದು, ಕಳ್ಳತನದಿಂದ ರಹಸ್ಯವನ್ನು ತೆಗೆಯುವುದು ಎಂಬ ಗೂಢಚಾರ ಪದ್ಧತಿಯನ್ನು ಮನೆಮನೆಯ ಮನರಂಜನೆಯಾಗಿಸಿದ ಕೀರ್ತಿ ಬಹುಮಟ್ಟಿಗೆ ಅದಕ್ಕೇ ಸಲ್ಲುತ್ತದೆ. 2023ರ ಜನವರಿಯಲ್ಲಿ ಹೊಸ ಯಂತ್ರಗಳಿಗಾಗಿ ಅದನ್ನು ಮತ್ತೆ ಬಿಡುಗಡೆ ಮಾಡಿದರು. ಆದ್ದರಿಂದ ಇದನ್ನು ಸತ್ತ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಈ ಆಟದಲ್ಲಿ ಆಡುವವನ ರೂಪ ಪರದೆಯ ಮೇಲೆ ಕಾಣುವುದಿಲ್ಲ. ಕಾಣುವುದು ಅವನ ಕೈ ಮತ್ತು ಕೈಯಲ್ಲಿನ ಆಯುಧ ಮಾತ್ರ; ಕಣ್ಣು ಆಟಗಾರನದೇ. ವ್ಯಾಕರಣದಲ್ಲಿ 'ನಾನು' ಎಂಬುದನ್ನು ಉತ್ತಮ ಪುರುಷವೆನ್ನುತ್ತೇವೆ. ಈ ಜಾತಿಯ ಆಟಗಳಿಗೆ ಇಂಗ್ಲಿಷಿನಲ್ಲಿ ಹೆಸರು ಬಂದಿರುವುದೂ ಆ ಉತ್ತಮ ಪುರುಷದಿಂದಲೇ. ಇಲ್ಲಿ ನಮ್ಮ ಶಾಸ್ತ್ರದ ಒಂದು ವಿಭಾಗವನ್ನು ಸ್ಮರಿಸಬೇಕು. ತಾನೇ ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದಿತ. ಚಲನಚಿತ್ರದಲ್ಲಿ ನಾಯಕನು ಕೊಂದಾಗ ಚಪ್ಪಾಳೆ ತಟ್ಟುವವನ ದೋಷ ಅನುಮೋದನೆಯದು. ಆಟದಲ್ಲಿ ಗುರಿಯಿಟ್ಟು ಗುಂಡಿ ಒತ್ತುವವನು ಆ ಮೆಟ್ಟಿಲನ್ನು ದಾಟಿ ಕೃತದ ಮೆಟ್ಟಿಲಿಗೆ ಏರಿರುತ್ತಾನೆ. ಸಿನಿಮಾ ನೋಡಿದಂತೆಯೇ ಇದೂ ಎನ್ನುವವರು ಈ ಭೇದವನ್ನು ಗಮನಿಸಿಲ್ಲ.

ಇನ್ನೂ ಒಂದು ಸಂಗತಿ. ಪ್ರತಿ ಹಂತ ಮುಗಿದ ಮೇಲೆ ಈ ಆಟವು ಒಂದು ಲೆಕ್ಕಪತ್ರವನ್ನು ಮುಂದಿಡುತ್ತದೆ: ಎಷ್ಟು ಗುಂಡು ಹಾರಿಸಿದೆ, ಎಷ್ಟು ತಲೆಗೆ ತಗುಲಿದವು, ಎಷ್ಟು ಮೈಗೆ, ಎಷ್ಟು ಕೈಕಾಲಿಗೆ, ಒಟ್ಟು ಎಷ್ಟು ಜನರನ್ನು ಕೊಂದೆ. ನಾನು ಜೀವನವಿಡೀ ಖಾತೆ ಬರೆದವನು. ಜಮೆಗೆ ಎದುರಾಗಿ ಖರ್ಚಿಲ್ಲದ ಖಾತೆಯನ್ನು ಯಾವ ಲೆಕ್ಕಿಗನೂ ಒಪ್ಪುವುದಿಲ್ಲ ಎಂಬುದನ್ನು ಬಲ್ಲೆ. ಇಲ್ಲಿ ಎಲ್ಲವೂ ಜಮೆಯೇ. ಬಿದ್ದ ಕಾವಲುಗಾರನ ದೇಹ ಕೆಲವೇ ಕ್ಷಣಗಳಲ್ಲಿ ಕರಗಿ ಮಾಯವಾಗುತ್ತದೆ. ಅವನಿಗೆ ಹೆಂಡತಿಯಿಲ್ಲ, ತಾಯಿಯಿಲ್ಲ, ಸಂಸ್ಕಾರವಿಲ್ಲ. ಕಠಿಣವಾದ ಮಟ್ಟಗಳಲ್ಲಿ ಆಡುವಾಗ ಒಂದು ಕಡೆ, ನಿರಾಯುಧರಾದ ವಿಜ್ಞಾನಿಗಳ ಪ್ರಾಣಹಾನಿ ಮಿತವಾಗಿರಬೇಕೆಂಬ ನಿಯಮವಿದೆ. ಮಿತಿ ಮೀರಿದರೆ ಸೋಲು. ಅಂದರೆ ಈ ಆಟಕ್ಕೆ ಪಾಪಪುಣ್ಯದ ಲೆಕ್ಕ ತಿಳಿಯದು ಎಂದಲ್ಲ, ತಿಳಿದಿದೆ. ಯಾರ ಪ್ರಾಣವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರದನ್ನು ಬಿಡಬೇಕು ಎಂಬ ಪಾಠವನ್ನೇ ಅದು ಕಲಿಸುತ್ತಿದೆ. ವಿಪರ್ಯಾಸವೆಂದರೆ, ಹೀಗೆ ಲೆಕ್ಕಕ್ಕೆ ಬಾರದೆ ಬೀಳುವ ಕಾವಲುಗಾರರಿಗೆ ಆ ಸಂಸ್ಥೆಯ ಕೆಲಸಗಾರರ ಮುಖಗಳನ್ನೇ ಛಾಯಾಚಿತ್ರ ತೆಗೆದು ಅಂಟಿಸಿದ್ದರು.

ಇದರಲ್ಲಿ ಏನೋ ಎಡವಟ್ಟಿದೆ ಎಂಬುದು ಹೊರಗಿನ ಯಾವ ಧರ್ಮಗುರುವಿಗಿಂತ ಮೊದಲು ಆ ಉದ್ಯಮದ ಹಿರಿಯರೊಬ್ಬರಿಗೇ ಹೊಳೆಯಿತು. ನಿಂಟೆಂಡೊ ಸಂಸ್ಥೆಯ ಪ್ರಸಿದ್ಧ ಆಟಗಳ ಜನಕ ಶಿಗೆರು ಮಿಯಾಮೊಟೊ ಅವರು ಆಟ ಸಿದ್ಧವಾಗುತ್ತಿದ್ದಾಗ ತಯಾರಕರಿಗೆ ಒಂದು ಫ್ಯಾಕ್ಸ್ ಕಳಿಸಿದರೆಂದು ನಿರ್ದೇಶಕ ಹಾಲಿಸ್ ಅವರೇ 2015ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ಸಮಾವೇಶವೊಂದರಲ್ಲಿ ಹೇಳಿದ್ದಾರೆ. ಹತ್ತಿರದಿಂದ ಕೊಲ್ಲುವ ದೃಶ್ಯಗಳು ಅತಿಯಾಗಿವೆ, ಇಷ್ಟೊಂದು ಕೊಲೆ ದುಃಖಕರವಾಗಿದೆ, ಆಟದ ಕೊನೆಯಲ್ಲಿ ಗೂಢಚಾರನು ಆಸ್ಪತ್ರೆಗೆ ಹೋಗಿ ತನ್ನ ಶತ್ರುಗಳೆಲ್ಲರ ಕೈ ಕುಲುಕುವಂತಾದರೆ ಚೆನ್ನಾಗಿರುತ್ತದೆ ಎಂಬುದು ಆ ಫ್ಯಾಕ್ಸಿನ ಸಾರಾಂಶ. ಆ ಸಲಹೆಯನ್ನು ಹಾಗೆಯೇ ಅಳವಡಿಸಲಿಲ್ಲ. ಇದೆಲ್ಲ ಕೃತಕ, ನಟನೆ ಮಾತ್ರ ಎಂದು ತೋರಿಸಲು ಪಾತ್ರಗಳನ್ನು ನಟವರ್ಗದಂತೆ ಪರಿಚಯಿಸುವ ಒಂದು ಭಾಗವನ್ನು ಸೇರಿಸಿದರು. ಚೆಲ್ಲುವ ರಕ್ತವನ್ನು ತಗ್ಗಿಸಿದರು.

ಮಿಯಾಮೊಟೊ ಅವರು ಕೇಳಿದ್ದು ಪ್ರಾಯಶ್ಚಿತ್ತ. ತಯಾರಕರು ಕೊಟ್ಟದ್ದು 'ಇದು ನಿಜವಲ್ಲ' ಎಂಬ ಚೀಟಿ. ಈ ಎರಡರ ನಡುವಣ ಅಂತರವೇ ನನ್ನ ವಾದದ ಜೀವಾಳ. ನಿಜವಲ್ಲ ಎಂಬ ಚೀಟಿಯನ್ನು ಅಂಟಿಸಿದ ಮಾತ್ರಕ್ಕೆ ದೋಷ ಕಳೆಯುವುದೇ?

ಇದೇ ಪ್ರಶ್ನೆಯನ್ನು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ' ಎತ್ತಿಕೊಂಡಿದೆ. ಕಥೆ ವಾಚಕರಿಗೆ ವಿದಿತವೇ ಇದೆ. ಉಜ್ಜಯಿನಿಯ ಅರಸ ಯಶೋಧರನು ರಾಣಿ ಅಮೃತಮತಿಯ ನಡತೆಯನ್ನು ಕಂಡು ನೊಂದು, ಅದನ್ನು ಕೆಟ್ಟ ಕನಸೆಂದು ತಾಯಿ ಚಂದ್ರಮತಿಗೆ ಹೇಳುತ್ತಾನೆ. ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಆಗಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವವಧೆಗೆ ಒಪ್ಪದ ಮಗನಿಗಾಗಿ ಒಂದು ರಾಜಿ ಏರ್ಪಡುತ್ತದೆ: ಜೀವವಿಲ್ಲದ, ಹಿಟ್ಟಿನಿಂದ ಮಾಡಿದ ಹುಂಜವನ್ನು ಬಲಿಕೊಟ್ಟರಾಯಿತು. ಅದು ಬರೀ ಹಿಟ್ಟು. ಸಾಯುವವರು ಯಾರೂ ಇಲ್ಲ. ತಾಯಿಗೂ ತೃಪ್ತಿ, ಮಗನಿಗೂ ಸಮಾಧಾನ. ಆದರೆ ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಏಟಿನ ಫಲವಾಗಿ ತಾಯಿಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳೇ ಮುಂತಾದ ಜನ್ಮಗಳಲ್ಲಿ ತೊಳಲಿ, ಕೊಂದು, ಕೊಲ್ಲಿಸಿಕೊಂಡು, ಕೊನೆಗೆ ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತಾರೆ.

ಹಿಟ್ಟಿನ ಹುಂಜ ಮತ್ತು ಪರದೆಯ ಮೇಲಿನ ಕಾವಲುಗಾರ, ಇವೆರಡರ ನಡುವೆ ತತ್ತ್ವತಃ ಏನು ವ್ಯತ್ಯಾಸವಿದೆ? ಎರಡಕ್ಕೂ ಜೀವವಿಲ್ಲ, ಎರಡಕ್ಕೂ ಜೀವದ ಆಕಾರವಿದೆ, ಎರಡನ್ನೂ ಕೊಲ್ಲುವ ಸಂಕಲ್ಪದಿಂದಲೇ ಮಾಡಲಾಗಿದೆ. ವ್ಯತ್ಯಾಸವಿರುವುದು ಆಟಗಾರನ ವಿರುದ್ಧವಾಗಿಯೇ. ಯಶೋಧರನು ಮನಸ್ಸಿಲ್ಲದ ಮನಸ್ಸಿನಿಂದ, ತಾಯಿಯ ಮಾತಿಗೆ ಕಟ್ಟುಬಿದ್ದು, ಒಮ್ಮೆ ಮಾತ್ರ ಕತ್ತಿ ಎತ್ತಿದವನು. ನಮ್ಮ ಹುಡುಗನು ಮನಸಾರೆ, ಯಾರ ಒತ್ತಾಯವೂ ಇಲ್ಲದೆ, ಒಂದು ಸಂಜೆಯಲ್ಲಿಯೇ ನೂರು ಬಾರಿ ಎತ್ತುತ್ತಾನೆ. ಎತ್ತಿ, ಬಹುಮಾನವನ್ನೂ ಪಡೆಯುತ್ತಾನೆ.

ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ ಎಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದ ವಿಷಯ. ನಮ್ಮ ಹೊನ್ನಾಳಿ ಸೀಮೆಯ ರೈತನು ಮೆಕ್ಕೆಜೋಳಕ್ಕೆಂದು ಹೊಲ ಉಳುವಾಗ ಲೆಕ್ಕವಿಲ್ಲದ ಜೀವಿಗಳು ಸಾಯುತ್ತವೆ. ಆದರೂ ಅವನ ಸಂಕಲ್ಪ ಬೆಳೆಯ ಮೇಲಿರುತ್ತದೆ, ವಧೆಯ ಮೇಲಲ್ಲ. ಇದಕ್ಕೆ ವ್ಯತಿರಿಕ್ತವಾದ ದೃಷ್ಟಾಂತ ತಂದುಲ ಮತ್ಸ್ಯದ್ದು. ಅಕ್ಕಿಕಾಳಿನಷ್ಟು ಚಿಕ್ಕದಾದ ಆ ಮೀನು ಮಹಾಮತ್ಸ್ಯದ ಕಿವಿಯಲ್ಲಿ ಕುಳಿತು, ಅದರ ತೆರೆದ ಬಾಯಿಂದ ಪಾರಾಗಿ ಹೋಗುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಯೋಚಿಸುತ್ತದೆ. ಅದು ಒಂದು ಜೀವವನ್ನೂ ಕೊಲ್ಲಲಿಲ್ಲ. ಆದರೂ ಏಳನೆಯ ನರಕಕ್ಕೆ ಇಳಿಯಿತು. ಪ್ರಾಣ ಹೋಯಿತೇ ಇಲ್ಲವೇ ಎಂಬುದೊಂದೇ ಅಳತೆಗೋಲಾಗಿದ್ದರೆ ರೈತನು ಪಾಪಿಯಾಗಿ ಆ ಮೀನು ಶ್ರಾವಕನಾಗಬೇಕಿತ್ತು.

ಅಷ್ಟೇ ಅಲ್ಲ. ರೌದ್ರಧ್ಯಾನದ ನಾಲ್ಕು ಬಗೆಗಳನ್ನು ಆಚಾರ್ಯರು ಹೇಳಿದ್ದಾರೆ: ಹಿಂಸೆಯಲ್ಲಿ ಆನಂದ, ಸುಳ್ಳಿನಲ್ಲಿ ಆನಂದ, ಕಳವಿನಲ್ಲಿ ಆನಂದ, ಪರಿಗ್ರಹದಲ್ಲಿ ಆನಂದ. ಸಾಮಾನ್ಯ ಯುದ್ಧದ ಆಟದಲ್ಲಿ ಮೊದಲನೆಯದು ಎದ್ದು ಕಾಣುತ್ತದೆ. ಗೂಢಚಾರನ ಆಟದ ವೈಶಿಷ್ಟ್ಯವೆಂದರೆ ಅದು ನಾಲ್ಕನ್ನೂ ಒಟ್ಟುಗೂಡಿಸುತ್ತದೆ. ಗುಟ್ಟಾಗಿ ನುಸುಳಿ ವಂಚಿಸಬೇಕು, ಪರರ ಬೀಗದ ಕೈಯನ್ನು ನಕಲು ಮಾಡಿ ಮೂಲವನ್ನು ಅಲ್ಲಿಯೇ ಬಿಟ್ಟುಬರಬೇಕು, ರಹಸ್ಯ ಪರದೆಯ ಛಾಯಾಚಿತ್ರ ತೆಗೆಯಬೇಕು, ಸತ್ತವನ ಆಯುಧವನ್ನು ಎತ್ತಿ ಇಟ್ಟುಕೊಳ್ಳಬೇಕು. ಇವೆಲ್ಲ ಗೋಲ್ಡನ್‌ಐಯಲ್ಲಿ ಆಟಗಾರನು ಮಾಡಲೇಬೇಕಾದ ಅಥವಾ ಮಾಡುತ್ತಲೇ ಇರುವ ಕೆಲಸಗಳು. ಏಕಾಗ್ರತೆ ಬೆಳೆಯುತ್ತದೆ ಎಂಬ ಸಮರ್ಥನೆಯನ್ನು ಕೇಳಿದ್ದೇನೆ. ಬೆಳೆಯುತ್ತದೆ, ಸಂಶಯವಿಲ್ಲ. ಅದಕ್ಕೇ ಶಾಸ್ತ್ರ ಅದನ್ನು ಧ್ಯಾನವೆಂದು ಕರೆದದ್ದು, ರೌದ್ರವೆಂದೂ ಕರೆದದ್ದು.

ಪ್ರತಿವಾದಿಗಳ ಎರಡು ಮಾತುಗಳು ಉತ್ತರಕ್ಕೆ ಅರ್ಹವಾಗಿವೆ. ಮೊದಲನೆಯದು: ಗೂಢಚಾರನು ದೇಶಕ್ಕಾಗಿ ಕೊಲ್ಲುವವನು, ಅವನ ಸರ್ಕಾರ ಅವನಿಗೆ ಪರವಾನಗಿ ಕೊಟ್ಟಿದೆ, ಗೃಹಸ್ಥನಿಗೆ ವಿರೋಧಿ ಹಿಂಸೆ ಕ್ಷಮ್ಯವೆಂದು ಜೈನಶಾಸ್ತ್ರವೇ ಹೇಳುತ್ತದಲ್ಲವೇ? ಹೇಳುತ್ತದೆ. ಗಂಗರ ಸೇನಾನಿ ಚಾವುಂಡರಾಯನೂ ಹೊಯ್ಸಳರ ದಂಡನಾಯಕ ಗಂಗರಾಜನೂ ಜಿನಭಕ್ತರೇ ಆಗಿದ್ದರು. ಆದರೆ ವಿರೋಧಿ ಹಿಂಸೆಗೆ ಎದುರಿನಿಂದ ಬಂದೆರಗುವ ವಿರೋಧಿ ಬೇಕು. ರಕ್ಷಿಸಬೇಕಾದ ಪ್ರಜೆ ಬೇಕು. ಬೇರೆ ದಾರಿಯಿಲ್ಲವೆಂಬ ವಿಷಾದ ಬೇಕು. ತನ್ನ ಮನೆಯ ಕುರ್ಚಿಯಲ್ಲಿ ಕುಳಿತು, ಹಣ ತೆತ್ತು, ವಿರೋಧಿಯನ್ನು ತಯಾರಿಸಿಕೊಂಡು, ಅವನನ್ನು ಹುಡುಕಿಕೊಂಡು ಹೋಗಿ ಕೊಲ್ಲುವವನಲ್ಲಿ ಇವು ಮೂರೂ ಇಲ್ಲ. ಅದು ನಿಚ್ಚಳವಾದ ಸಂಕಲ್ಪಿ ಹಿಂಸೆ. ಶ್ರಾವಕನಿಗೆ ಮೊಟ್ಟಮೊದಲು ವರ್ಜ್ಯವಾದದ್ದು.

ಎರಡನೆಯದು: ಹಾಗಾದರೆ ಚದುರಂಗವನ್ನೂ ಬಿಡಬೇಕೆ, ಅಲ್ಲಿಯೂ ಆನೆ ಕುದುರೆಗಳನ್ನು ಹೊಡೆಯುವುದಿಲ್ಲವೇ? ಬಿಡಬೇಕಾಗಿಲ್ಲ. ಚದುರಂಗದಲ್ಲಿ ಕಾಯಿ ಹೊರಬಿದ್ದಾಗ ಅದು ಎದೆ ಹಿಡಿದುಕೊಂಡು ಕುಸಿಯುವುದಿಲ್ಲ. ಗೋಲ್ಡನ್‌ಐ ಪ್ರಶಂಸೆ ಪಡೆದ ಕಾರಣಗಳಲ್ಲಿ ಒಂದೆಂದರೆ, ಗುಂಡು ಎಲ್ಲಿ ತಗುಲಿತೋ ಆ ಅಂಗಕ್ಕೆ ತಕ್ಕಂತೆ ಕಾವಲುಗಾರನು ನರಳುವುದು. ಸಂತೋಷವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ನೋಡಿ: ಒಂದರಲ್ಲಿ ನಡೆಯ ಜಾಣ್ಮೆಯಲ್ಲಿ, ಇನ್ನೊಂದರಲ್ಲಿ ನೋವಿನ ನೈಜತೆಯಲ್ಲಿ. ಸ್ಪರ್ಧೆಯನ್ನು ಜೈನಧರ್ಮ ನಿಂದಿಸಿಲ್ಲ. ಭರತ ಬಾಹುಬಲಿಯರ ಸೇನೆಗಳು ಎದುರುಬದುರು ನಿಂತಾಗ, ಸೈನಿಕರ ಸಾವನ್ನು ತಪ್ಪಿಸಲು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ನಿಜವಾದ ಯುದ್ಧವನ್ನೇ ಅವರು ಆಟವಾಗಿ ಪರಿವರ್ತಿಸಿದರು. ನಾವು ಆಟವನ್ನು ಯುದ್ಧವಾಗಿ ಪರಿವರ್ತಿಸಿಕೊಂಡು ಅದನ್ನು ಪ್ರಗತಿ ಎನ್ನುತ್ತಿದ್ದೇವೆ.

ಇದು ವಿದೇಶದ ಮಾತು, ನಮಗೇಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ನಿಂಟೆಂಡೊ ಯಂತ್ರ ನಮ್ಮಂಥ ಊರುಗಳಿಗೆ ಬರದಿದ್ದರೂ, 2000ದಲ್ಲಿ ನಾರ್ವೆ ದೇಶದ ಇನ್ನರ್‌ಲೂಪ್ ಸಂಸ್ಥೆ ತಯಾರಿಸಿದ 'ಪ್ರಾಜೆಕ್ಟ್ ಐ.ಜಿ.ಐ.' ಎಂಬ ಅದೇ ಜಾತಿಯ ಗೂಢಚಾರ ಆಟ ಭಾರತದ ಸೈಬರ್ ಕೆಫೆಗಳಲ್ಲಿಯೂ ಮನೆಯ ಕಂಪ್ಯೂಟರುಗಳಲ್ಲಿಯೂ ಹರಡಿತು. ಇಂದು ನಲವತ್ತರ ಆಸುಪಾಸಿನಲ್ಲಿರುವ ಅನೇಕರಿಗೆ ಅದರ ಹೆಸರು ಹೇಳಿದರೆ ಮುಖ ಅರಳುತ್ತದೆ. ಅನಂತರ ಮೊಬೈಲಿನ ಕಾಲ ಬಂತು. 'ಪಬ್‌ಜಿ' ಆಟವನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದಾಗ ನಮ್ಮಲ್ಲಿ ಹಲವರು ಅಹಿಂಸೆ ಗೆದ್ದಿತೆಂದು ಹಿಗ್ಗಿದರು. ಆದರೆ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಹಿಂಸೆಯ ಮಾತೇ ಅಲ್ಲಿರಲಿಲ್ಲ. 2021ರಲ್ಲಿ ಅದೇ ಆಟ ಹೊಸ ಹೆಸರಿನಿಂದ ಮರಳಿತು. ಆಗ ಮಾಡಿದ ಸುಧಾರಣೆಗಳಲ್ಲಿ ಒಂದು ಬಹಳ ಮನನೀಯ: ಕೆಂಪು ರಕ್ತದ ಬದಲು ಹಸಿರು ಬಣ್ಣ ಚಿಮ್ಮುವಂತೆ ಮಾಡಿದರು, ಕೊಲ್ಲುವುದನ್ನು ಸೂಚಿಸುವ ಪದವನ್ನು 'ಮುಗಿಸುವುದು' ಎಂಬರ್ಥದ ಪದಕ್ಕೆ ಬದಲಿಸಿದರು. ಹುಂಜಕ್ಕೆ ಬಣ್ಣ ಹಚ್ಚಿದರೆ ಹಿಟ್ಟು, ಹೆಸರು ಬದಲಿಸಿದರೆ ಪ್ರಸಾದ! ಯಶೋಧರನ ತಾಯಿಯ ಯುಕ್ತಿಯನ್ನು ಇಷ್ಟು ನಿಷ್ಠೆಯಿಂದ ಅನುಸರಿಸಿದವರು ಬೇರೊಬ್ಬರಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾನೂನೂ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತೇ ಹೊರತು ಕೊಲ್ಲುವುದನ್ನಲ್ಲ. ಕಾನೂನು ಕಾಸನ್ನು ಕಾಣುತ್ತದೆ. ಭಾವವನ್ನು ಕಾಣುವುದು ಅದರ ಕೆಲಸವಲ್ಲ, ನಮ್ಮದು.

ಈ ಸಂದರ್ಭದಲ್ಲಿ ನನ್ನ ವರ್ತಕ ಬಂಧುಗಳಿಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಆಚಾರ್ಯ ಸಮಂತಭದ್ರರು ವಿವರಿಸಿದ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು, ಅಪಧ್ಯಾನವೂ ಒಂದು. ಕತ್ತಿ, ವಿಷ, ಬಲೆಗಳ ವ್ಯಾಪಾರವನ್ನು ನಮ್ಮ ಅಜ್ಜಂದಿರು ಲಾಭವಿದ್ದರೂ ಮಾಡಲಿಲ್ಲ. ಈಗ ಮೊಬೈಲು, ಕಂಪ್ಯೂಟರುಗಳ ಅಂಗಡಿಯಿಟ್ಟವರು ಇಂಥ ಆಟವನ್ನು ತುಂಬಿಕೊಟ್ಟೇ ಮಾರುವುದನ್ನೂ, ಮಗ ಪರೀಕ್ಷೆಯಲ್ಲಿ ಉತ್ತೀರ್ಣನಾದನೆಂದು ತಂದೆ ಅಂಥ ಆಟವನ್ನೇ ಉಡುಗೊರೆ ಕೊಡುವುದನ್ನೂ ನೋಡುತ್ತಿದ್ದೇವೆ. ಮಗುವಿನ ಕೈಗೆ ಆಯುಧ ಕೊಡುವುದು ಹಿಂಸಾದಾನ. ಕೊಟ್ಟು, ಅದನ್ನು ಚಿಂತಿಸುತ್ತ ಕುಳಿತಿರಲು ಬಿಡುವುದು ಅಪಧ್ಯಾನಕ್ಕೆ ಆಹ್ವಾನ. ಆಲೂಗಡ್ಡೆಯ ಪಾಪವನ್ನು ತೂಕಮಾಡಿ ನೋಡುವ ತಕ್ಕಡಿಯಲ್ಲಿ ಇದನ್ನೂ ಒಮ್ಮೆ ಇಟ್ಟು ನೋಡಬೇಕು.

ಮಕ್ಕಳನ್ನು ಗದರಿಸಿ ಮೊಬೈಲು ಕಿತ್ತುಕೊಳ್ಳುವುದು ಪರಿಹಾರವಲ್ಲ. ಗದರಿಕೆಯೂ ಕಷಾಯವೇ. ಮಾಡಬಹುದಾದ ಕೆಲಸಗಳು ಸರಳವಾಗಿವೆ. ಒಂದು, ಮನೆಯ ಹಿರಿಯರು ಮಗುವಿನ ಪಕ್ಕದಲ್ಲಿ ಕುಳಿತು ಆ ಆಟವನ್ನು ಒಂದು ಗಂಟೆ ನೋಡಲಿ. ನೋಡದೆ ಮಾಡುವ ಖಂಡನೆಗೆ ಯಾವ ಮಗುವೂ ಬೆಲೆ ಕೊಡುವುದಿಲ್ಲ. ಎರಡು, ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಒಂದು ದಿನವನ್ನಾದರೂ ಯಶೋಧರನ ಕಥೆಗೆ ಮೀಸಲಿಟ್ಟು, ಅದನ್ನು ಹಳೆಗನ್ನಡದ ಪಾಂಡಿತ್ಯವಾಗಿ ಅಲ್ಲ, ಮಕ್ಕಳ ಕೈಯಲ್ಲಿರುವ ಪರದೆಯನ್ನು ಮುಂದಿಟ್ಟುಕೊಂಡು ವಿವರಿಸಲಿ. ಮೂರು, ಕಟ್ಟುವ, ಬಿಡಿಸುವ, ಓಡುವ, ಒಗಟು ಭೇದಿಸುವ ಆಟಗಳು ಮೊಬೈಲಿನಲ್ಲಿಯೂ ಬಯಲಿನಲ್ಲಿಯೂ ಬೇಕಾದಷ್ಟಿವೆ; ಅವನ್ನು ಹುಡುಕಿಕೊಡುವ ಶ್ರಮವನ್ನು ತಂದೆತಾಯಿಗಳು ವಹಿಸಲಿ.

ಪರ್ವದ ಕೊನೆಗೆ ಬರುವ ಕ್ಷಮಾವಣಿಯ ದಿನ ನಾವು ಬಂಧುಗಳಿಗೂ ಶತ್ರುಗಳಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ಅಪರಾಧವನ್ನು ಮನ್ನಿಸಿರೆಂದು ಕೇಳಿಕೊಳ್ಳುತ್ತೇವೆ. ಆಸ್ಪತ್ರೆಗೆ ಹೋಗಿ ಶತ್ರುಗಳ ಕೈ ಕುಲುಕಬೇಕೆಂದು ಜಪಾನಿನಿಂದ ಬಂದ ಆ ಫ್ಯಾಕ್ಸ್ ಕೇಳಿದ್ದು ಇದಕ್ಕಿಂತ ಭಿನ್ನವಾದುದನ್ನಲ್ಲ. ಜಿನಧರ್ಮವನ್ನು ಅನುಸರಿಸದ, ಆಟಗಳನ್ನು ಮಾರಿಯೇ ಬದುಕುವ ಉದ್ಯಮದ ಒಬ್ಬ ಹಿರಿಯನಿಗೆ ಜೀವವಿಲ್ಲದ ಶತ್ರುವಿನ ಬಗ್ಗೆಯೂ ಮರುಕ ಹುಟ್ಟಿತು. ಜನ್ನನ ಕಾವ್ಯವನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿರುವ ನಮಗೆ ಅದು ಹುಟ್ಟದಿದ್ದರೆ, ಹಿಟ್ಟಿನ ಹುಂಜದ ಕೂಗು ಕೇಳಿಸದಷ್ಟು ನಮ್ಮ ಕಿವಿ ಮಂದವಾಗಿದೆ ಎಂದೇ ಅರ್ಥ. ಧರ್ಮಬಂಧುಗಳು ವಿಚಾರ ಮಾಡಬೇಕಾಗಿ ಪ್ರಾರ್ಥನೆ.